ಇಸ್ಮೇನಿಯಾ ಸಹಿ ಹಾಕದ ದಾರಿ

ಅಂಗಡಿಕಾರನ ಕಣ್ಣಿನಿಂದ ತೂಗಿದರೆ ಇಸ್ಮೇನಿಯಾ ವೆನುಲ್ ಸುಲಭಕ್ಕೆ ಬಿಕರಿಯಾಗುವ ಸರಕಲ್ಲ. ವಯಸ್ಸು ಐವತ್ತೆಂಟು. ಎತ್ತರ ಕಡಿಮೆ, ಅಗಲ ಸಾಕಷ್ಟು. ಭುಜ ಮಾತ್ರ ಹಿಟ್ಟಿನ ಮೂಟೆ ಹೊರುವವರದು. ಎಡಗೈಯ ಕಿರುಬೆರಳಿನ ತುದಿ ಇಲ್ಲ. ಅದನ್ನು ಹಿಮ ತಿಂದಿದೆ. ಮುಖದ ಚರ್ಮ ಬಿಸಿಲಿಗೂ ಗಾಳಿಗೂ ಬಿಟ್ಟು ಹದ ಮಾಡಿದ್ದು. ಸೀಳುವುದಿಲ್ಲ, ಹಾಗೆಂದು ಮೆತ್ತಗೂ ಆಗುವುದಿಲ್ಲ. ನಗು ವರ್ಷಕ್ಕೆ ಎರಡು ಮೂರು ಸಲ ಬರುವ ಮಾಲು. ಕೋಪ ಮಾತ್ರ ಹನ್ನೆರಡು ತಿಂಗಳೂ ದಾಸ್ತಾನು. ಗಿರಾಕಿ ಬೆಲೆ ಕೇಳುವ ಮೊದಲೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ.

ಪಿನಾಲ್ ಆಲ್ತೋದಲ್ಲಿ ಮೊಳೆ, ಸೀಮೆಎಣ್ಣೆ, ಹಿಟ್ಟು ಮಾರುತ್ತ, ಚಳಿಗಾಲದಲ್ಲಿ ಸ್ಕೀ ಬಾಡಿಗೆಗೆ ಕೊಡುತ್ತ ಇಪ್ಪತ್ತಾರು ವರ್ಷ ಕಳೆದ ಈ ಅಂಗಡಿಯವನು ಅವಳನ್ನು ತೂಗಿದ್ದು ಹೀಗೆ. ಆ ತೂಕ ಎಷ್ಟು ಸುಳ್ಳು ಎಂಬುದು ಇಲ್ಲಿ ನಡುಚಳಿಗಾಲವಾದ ಆಗಸ್ಟಿನ ಒಂದು ಶುಕ್ರವಾರದಿಂದ ಭಾನುವಾರದೊಳಗೆ ಗೊತ್ತಾಯಿತು.

ಅವಳ ಅಪ್ಪ ಹೇಸರಗತ್ತೆ ಹೊಡೆಯುವವನು. ಬೇಸಿಗೆಯಲ್ಲಿ ಕಣಿವೆ ದಾಟಿ ಅರ್ಜೆಂಟೀನಾಕ್ಕೆ ಹಿಟ್ಟು, ಉಪ್ಪು ಸಾಗಿಸುತ್ತಿದ್ದ. ಚಳಿಗಾಲದಲ್ಲಿ ಮನೆಯಿಂದ ಶಾಲೆಗೆ ಹೋಗುವ ದಾರಿ ಹಿಮದಲ್ಲಿ ಮುಚ್ಚಿಹೋಗುತ್ತಿದ್ದ ಕಾಲ ಅದು. ಮಕ್ಕಳು ನಾಲ್ಕು ತಿಂಗಳು ಮನೆಯಲ್ಲೇ ಕುಳಿತರೆ ಓದಿದ್ದೆಲ್ಲ ಕರಗಿಹೋಗುತ್ತದೆಂದು ಒಬ್ಬ ಮೇಷ್ಟ್ರು ಲೆಂಗಾ ಮರದ ಹಲಗೆ ಸೀಳಿ, ತುದಿಯನ್ನು ಹಬೆಯಲ್ಲಿ ಬಗ್ಗಿಸಿ, ಎಲ್ಲರ ಕಾಲಿಗೂ ಸ್ಕೀ ಕಟ್ಟಿಸಿದರು. ಇಸ್ಮೇನಿಯಾ ಮಗ್ಗಿ ಕಲಿಯುವ ಮೊದಲು ಇಳಿಜಾರು ಕಲಿತಳು. ಇಪ್ಪತ್ತು ತುಂಬುವಷ್ಟರಲ್ಲಿ ಪೇಟೆಯವರನ್ನು ಕೊಯುಮೆ ಬೆಟ್ಟದ ಮೇಲೆ ಕರೆದುಕೊಂಡು ಹೋಗಿ, ಕರೆದುಕೊಂಡು ಬರುತ್ತಿದ್ದಳು. ಹೋದವರೆಲ್ಲ ವಾಪಸು ಬಂದರು. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಶಿಫಾರಸು ಇಲ್ಲ.

ಬಾರದೆ ಹೋದವನು ಒಬ್ಬನೇ, ಅವಳ ಅಣ್ಣ ಎಲಿಸೆಯೋ. ಅವನನ್ನು ಅವಳು ಕರೆದುಕೊಂಡು ಹೋಗಿರಲಿಲ್ಲ. ಎಂಬತ್ತೊಂಬತ್ತರ ಜುಲೈ ತಿಂಗಳು. ಅವನು ಯಾರಿಗೂ ಹೇಳದೆ ಒಬ್ಬನೇ ಹತ್ತಿದ. ಸಂಜೆಯಾದರೂ ಬರಲಿಲ್ಲ. ಹಿಮ ಚೆನ್ನಾಗಿರುವುದು ದಕ್ಷಿಣದ ಕಡೆ, ಹೋಗಿದ್ದರೆ ಅಲ್ಲಿಗೇ ಹೋಗಿರುತ್ತಾನೆ ಎಂದು ಊರೆಲ್ಲ ಎರಡು ದಿನ ದಕ್ಷಿಣದಲ್ಲೇ ಹುಡುಕಿತು. ಮೂರನೆಯ ದಿನ ಇಸ್ಮೇನಿಯಾ ಯಾರನ್ನೂ ಕೇಳದೆ ಉತ್ತರಕ್ಕೆ ಹೋದಳು. ಅಲ್ಲಿ ಬೆಟ್ಟದ ಮೈಯಲ್ಲಿ, ಗೋಡೆಯಂತೆ ಕಡಿದಾದ ಇಳಿಜಾರಿನ ಕೆಳಗೆ, ಹಿಟ್ಟು ನಾದುವ ಮರಿಗೆಯ ಹಾಗೆ ಅಗಲವಾದ, ನುಣುಪಾದ ಒಂದು ತಗ್ಗಿದೆ. ಊರವರು ಅದನ್ನು ಮರಿಗೆ ಎಂದೇ ಕರೆಯುತ್ತಾರೆ. ಎಲಿಸೆಯೋ ಅಲ್ಲಿದ್ದ, ಮೇಲಿಂದ ಕುಸಿದ ಒಂದೂವರೆ ಆಳು ಹಿಮದ ಕೆಳಗೆ. ಅವಳು ಸಲಿಕೆ ಮುರಿದ ಮೇಲೂ ಅಗೆದಳು. ಬೆರಳಿನ ತುದಿ ಹೋದದ್ದು ಅಂದು.

ಮಣ್ಣು ಮಾಡಿ ಬಂದ ಮರುದಿನ ಅವಳು ಶಾಲೆಯ ಒಂದು ನೋಟುಬುಕ್ಕು ಹಿಡಿದು ಪೊಲೀಸು ಠಾಣೆಗೆ ನುಗ್ಗಿ ಮೇಜಿನ ಮೇಲೆ ಅದನ್ನು ಬಡಿದಳು. ಅಂದಿನಿಂದ ಊರಿನ ಪದ್ಧತಿ ಇದು: ಬೆಟ್ಟಕ್ಕೆ ಹೋಗುವವರು ದಾರಿ ಯಾವುದು, ಎಷ್ಟು ಹೊತ್ತಿಗೆ ಹಿಂದಿರುಗುವುದು ಎಂದು ಆ ಬುಕ್ಕಿನಲ್ಲಿ ಬರೆಯಬೇಕು. ಅದರ ಕೆಳಗೆ ಊರಿನ ಒಬ್ಬರು 'ಕಾಯುವವರು' ಎಂದು ಸಹಿ ಹಾಕಬೇಕು. ಕಾಯುವವರಿಗೆ ಆ ದಾರಿ ಗೊತ್ತಿರಬೇಕು, ಒಪ್ಪಿಗೆಯೂ ಇರಬೇಕು. ಹೊತ್ತು ಮೀರಿದರೆ ಅಗ್ನಿಶಾಮಕದ ಸೈರನ್ ಒತ್ತುವುದು ಅವರ ಕೆಲಸ. ಆ ಸಹಿ ಇಲ್ಲದೆ ಠಾಣೆಯವರು ಯಾರನ್ನೂ ಬಿಡುವುದಿಲ್ಲ. ಮೂವತ್ತು ವರ್ಷದಿಂದ ಮುಕ್ಕಾಲು ಪಾಲು ಪುಟಗಳಲ್ಲಿ ಇರುವುದು ಇಸ್ಮೇನಿಯಾಳ ಸಹಿಯೇ.

ಆಮೇಲೆ ಮಾರ್ಗದರ್ಶಕರ ಕಾರ್ಡು ಬಂತು. ಕಾರ್ಡು ಇಲ್ಲದವರು ಜನರನ್ನು ಬೆಟ್ಟಕ್ಕೆ ಒಯ್ಯುವಂತಿಲ್ಲ ಎಂದಾಯಿತು. ಅವಳು ಬಸ್ಸು ಹತ್ತಿ ರಾಜಧಾನಿಗೆ ಹೋಗಿ ಪರೀಕ್ಷೆಗೆ ಕುಳಿತಳು. ಪ್ರಶ್ನೆಗಳನ್ನು ಯಾವುದೋ ಯುರೋಪಿನ ಪುಸ್ತಕದಿಂದ ಎತ್ತಿದ್ದರು. ಇಸ್ಮೇನಿಯಾ ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಿಲ್ಲ, ಪ್ರಶ್ನೆಗಳನ್ನೇ ತಿದ್ದಿದಳು. ಫೇಲಾಗಿ ಬಂದಳು. ಬೆಟ್ಟ ಅವಳದು, ಕಾರ್ಡು ಬೇರೆಯವರದು. ಚಳಿಗಾಲದಲ್ಲಿ ಬರುವ ಪ್ರವಾಸದ ಕಂಪನಿಗಳು ಅವಳನ್ನು ಅಡುಗೆಗೆ ಇಟ್ಟುಕೊಂಡವು. ಊರಿನಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಸಾರು ಚೆನ್ನಾಗಿರುತ್ತಿತ್ತಲ್ಲ.

ಆ ವರ್ಷ ಬಂದ ಕಂಪನಿಯ ಮುಖ್ಯಸ್ಥ ಗಾಸ್ಪರ್ ಲಾರಾಗಿಬೆಲ್. ಮೂವತ್ತೆರಡರ ಪ್ರಾಯ, ರಾಜಧಾನಿಯವನು, ಆಸ್ಟ್ರಿಯಾದಲ್ಲಿ ಎರಡು ಚಳಿಗಾಲ ತರಬೇತಿ ಪಡೆದವನು. ಕೆಟ್ಟವನಲ್ಲ. ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದ, ಸಾಮಾನನ್ನು ಒರೆಸಿ ಹಿಂದಿರುಗಿಸುತ್ತಿದ್ದ. ಸ್ಕೀ ಕಾಲಿಗೆ ಕಟ್ಟಿ ಬೆಟ್ಟ ಹತ್ತಿದ ಅನುಭವವೇ ಇಲ್ಲದವರಿಗಾಗಿ ಒಂದು ದಿನದ ಪಯಣ ಎಂದು ಅವನು ಊರೆಲ್ಲ ಕಾಗದ ಅಂಟಿಸಿದ. ಒಂಬತ್ತು ಜನ ಹೆಸರು ಕೊಟ್ಟರು. ಅದರಲ್ಲಿ ಒಂದು ಹೆಸರು ಒತೀಲಿಯಾಳದು, ಈ ಅಂಗಡಿಯವನ ಹೆಂಡತಿ. ಇಪ್ಪತ್ತಾರು ವರ್ಷ ಅವಳು ಪರರ ಸ್ಕೀಗೆ ಮೇಣ ಸವರಿದ್ದಾಳೆ, ಅಂಚು ಉಜ್ಜಿದ್ದಾಳೆ, ಹತ್ತುವಾಗ ಜಾರದಂತೆ ಅಡಿಗೆ ಅಂಟಿಸುವ ತುಪ್ಪಳದ ಪಟ್ಟಿಗಳನ್ನು ಒಣಗಿಸಿ ಮಡಚಿದ್ದಾಳೆ. ಬೆಟ್ಟವನ್ನು ಮಾತ್ರ ಅಂಗಡಿಯ ಕಿಟಕಿಯಿಂದಲೇ ನೋಡಿದ್ದಳು. "ನಲವತ್ತೊಂಬತ್ತಾಯ್ತು. ಇನ್ನು ಮೊಣಕಾಲು ಕೇಳಿ ಹೋಗೋಕಾಗಲ್ಲ, ಮೊಣಕಾಲಿಗೆ ಹೇಳಿ ಹೋಗ್ಬೇಕು" ಎಂದಿದ್ದಳು.

ಶುಕ್ರವಾರ ಸಂಜೆ ಅಗ್ನಿಶಾಮಕ ಸ್ವಯಂಸೇವಕರ ಹಾಲ್‌ನಲ್ಲಿ ಸಭೆ. ಕೆಂಪು ಗಾಡಿಯನ್ನು ಹೊರಗೆ ನಿಲ್ಲಿಸಿ ಬೆಂಚು ಹಾಕಿದ್ದರು. ಹಿಂದಿನ ದಿನವಷ್ಟೇ ಮೊಣಕಾಲುದ್ದ ಹೊಸ ಹಿಮ ಬಿದ್ದಿತ್ತು, ಎಲ್ಲರೂ ಖುಷಿಯಲ್ಲಿದ್ದರು. ಗಾಸ್ಪರ್ ಗೋಡೆಗೆ ನಕ್ಷೆ ಅಂಟಿಸಿ ಯೋಜನೆಯನ್ನು ಓದಿದ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಡುವುದು. ಹನ್ನೊಂದೂವರೆಗೆ ಅರೌಕಾರಿಯಾ ಕಾಡಿನ ಕವಲು. ಅಲ್ಲಿ ಎಡಕ್ಕೆ ತಿರುಗಿ ಮರಿಗೆ. ಒಂದು ಗಂಟೆಗೆ ಮರಿಗೆಯಲ್ಲಿ ಊಟ, ಫೋಟೋ. ಮೂರಕ್ಕೆ ಊರು.

"ಮೊದಲನೇ ಸಲ ಬರೋರಿಗೆ ಎರಡು ವಿಷಯ ಮುಖ್ಯ" ಎಂದ. "ಇಳಿಜಾರು ಸಲೀಸಾಗಿರ್ಬೇಕು, ಹಿಮ ತಣ್ಣಗೆ, ಪುಡಿಪುಡಿಯಾಗಿರ್ಬೇಕು. ಮರಿಗೇಲಿ ಎರಡೂ ಇದೆ. ಉತ್ತರ ಮುಖ ಆದ್ದರಿಂದ ನೆರಳು. ಹಿಮ ಮಧ್ಯಾಹ್ನದ ತನಕ ಕೆಡಲ್ಲ."

ಇಸ್ಮೇನಿಯಾ ಆಗ ಕುಂಬಳಕಾಯಿ ಹಿಟ್ಟಿನ ಕರಿದ ರೊಟ್ಟಿಗಳನ್ನು ತಟ್ಟೆಯಲ್ಲಿಟ್ಟು ಬೆಂಚುಗಳ ನಡುವೆ ಹಂಚುತ್ತಿದ್ದಳು. ಮರಿಗೆ ಎಂಬ ಮಾತು ಕೇಳಿದಾಗಲೇ ಅವಳ ಬೆನ್ನು ಸೆಟೆದಿತ್ತು. ನೆರಳು ಎಂದದ್ದು ಕೇಳಿ ನಿಂತೇಬಿಟ್ಟಳು.

"ಯಾವ ಮುಖ ಅಂದೆ?"

"ಉತ್ತರ, ಚಿಕ್ಕಮ್ಮ."

"ನಿನ್ನ ಚಿಕ್ಕಪ್ಪನ್ನ ನಾನೇನೂ ಕಟ್ಕೊಂಡಿಲ್ಲ. ಉತ್ತರಕ್ಕೆ ನೆರಳು ಯಾವತ್ತಿಂದ ಬಂತು?"

ಗಾಸ್ಪರ್ ಈಗ ಮರ್ಯಾದೆಯ 'ದೋನ್ಯಾ' ಹಚ್ಚಿ, ಸೌಜನ್ಯದಿಂದಲೇ ಕೈಯಲ್ಲಿದ್ದ ಕಾಗದ ತೋರಿಸಿದ. "ಇದು ನಮ್ಮ ನಮೂನೆ, ದೋನ್ಯಾ ಇಸ್ಮೇನಿಯಾ. ಆಲ್ಪ್ಸ್‌ನಲ್ಲಿ ಎಲ್ರೂ ಬಳಸೋದು. ಬಿಸಿಲು ದಿನ ಉತ್ತರ ಮುಖ ಹಿಡೀರಿ ಅಂತ ಬರೆದಿದೆ."

"ಆಲ್ಪ್ಸ್‌ನೋರ ಸೂರ್ಯ ದಕ್ಷಿಣದಲ್ಲಿ ತಿರುಗ್ತಾನೆ. ಅವರಿಗೆ ಉತ್ತರ ನೆರಳು. ನಮ್ಮ ಸೂರ್ಯ ತಿರುಗೋದೇ ಉತ್ತರದಲ್ಲಿ. ನಿಮ್ಮಮ್ಮ ಬಟ್ಟೆ ಒಣಗಿಸೋದು ಮನೆಯ ಯಾವ ಮಗ್ಗುಲಲ್ಲಿ? ರಾಜಧಾನೀಲಿ ಮನೆ ತಗೋಳೋವಾಗ ಕಿಟಕಿ ಉತ್ತರಕ್ಕಿದೆಯಾ ಅಂತ ಕೇಳ್ತೀರಲ್ಲ, ನೆರಳಲ್ಲಿ ಕೂತು ನಡುಗೋಕಾ?"

ಯಾರೋ ಕಿಸಕ್ಕೆಂದರು. ಗಾಸ್ಪರನ ಕಿವಿ ಕೆಂಪಾಯಿತು. ತಪ್ಪು ಅವನಿಗೆ ಆ ಕ್ಷಣವೇ ಹೊಳೆಯಿತು. ಮುಖ ನೋಡಿದ ಯಾರಿಗೂ ಅದು ಕಾಣುತ್ತಿತ್ತು. ಆದರೆ ನಲವತ್ತು ಜನರ ಎದುರು, ಅಡುಗೆಯವಳ ಬಾಯಿಂದ. ಅವನು ಕಾಗದ ಮಡಚಿದ.

"ಸರಿ, ಸ್ವಲ್ಪ ಬಿಸಿಲಿದೆ ಅಂತಲೇ ಇಟ್ಕೊಳ್ಳಿ. ಆದ್ರೂ ಮರಿಗೇಲಿ ಇಳಿಜಾರು ಹದಿನೆಂಟು ಡಿಗ್ರಿ ಅಷ್ಟೇ. ಅಂಥಾ ಕಡೆ ಹಿಮ ಕುಸಿಯೋದೇ ಇಲ್ಲ."

"ಕೆಳಗೆ ಹದಿನೆಂಟು. ಅದರ ತಲೆ ಮೇಲಿರೋ ಗೋಡೆ?"

"ಗೋಡೆ ಹತ್ರ ನಾವು ಹೋಗಲ್ವಲ್ಲ."

"ನೀವು ಹೋಗಲ್ಲ. ಅದು ಬರುತ್ತೆ."

ಸಭೆಯ ನಗು ನಿಂತಿತು. ಇನ್ನೊಂದು ನಿಮಿಷ ಆ ಮೌನ ಹಾಗೇ ಉಳಿದಿದ್ದರೆ ಗಾಸ್ಪರ್ ನಕ್ಷೆಯ ಮೇಲೆ ಬೆರಳು ಸರಿಸುತ್ತಿದ್ದನೋ ಏನೋ. ಆದರೆ ಮುಂದಿನ ಬೆಂಚಿನಲ್ಲಿ ಈ ಅಂಗಡಿಯವನು ಕುಳಿತಿದ್ದ. ಮೌನ ಇವನಿಗೆ ಆಗುವುದಿಲ್ಲ, ವ್ಯಾಪಾರ ಕೆಡುತ್ತದೆ.

"ಇಸ್ಮೇನಿಯಾ, ಸಾರಿನ ಉಪ್ಪು ನೀನು ನೋಡ್ಕೋ. ಸೂರ್ಯನ್ನ ಕಾರ್ಡಿರೋರು ನೋಡ್ಕೋತಾರೆ" ಎಂದ.

ಸಭೆಯೆಲ್ಲ ನಕ್ಕಿತು. ಗಾಸ್ಪರನೂ ಉಸಿರು ಬಿಟ್ಟು ನಕ್ಕ. ನಗದವಳು ಒತೀಲಿಯಾ ಒಬ್ಬಳೇ. ಇಸ್ಮೇನಿಯಾ ಉಳಿದ ರೊಟ್ಟಿಗಳಿದ್ದ ತಟ್ಟೆಯನ್ನು ಅಂಗಡಿಯವನ ತೊಡೆಯ ಮೇಲೆ ಇಟ್ಟಳು. ಎಣ್ಣೆ ಪ್ಯಾಂಟಿಗೆ ಇಳಿಯಿತು. ಹೊರಟುಹೋದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಬೈಯುತ್ತ ನಡೆದಳು. ನಕ್ಕದ್ದಕ್ಕಲ್ಲ. ನಕ್ಕ ಬಾಯಿಗಳನ್ನು ಒಂದೊಂದಾಗಿ ಗುರುತಿಸಿದ್ದಳು: ಎಂಬತ್ತೊಂಬತ್ತರಲ್ಲಿ ದಕ್ಷಿಣದ ಕಡೆ ಹುಡುಕಿದ ನಾಲ್ವರು ಅದರಲ್ಲಿದ್ದರು. ಮರಿಗೆಯ ಮೇಲಿನ ಗೋಡೆ ಏನು ಮಾಡುತ್ತದೆಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದೂ ನಕ್ಕರು.

ಶನಿವಾರ ಬೆಳಿಗ್ಗೆ ಗಾಸ್ಪರ್ ಠಾಣೆಗೆ ಹೋಗಿ ಬುಕ್ಕಿನಲ್ಲಿ ದಾರಿ ಬರೆದ. ಕಾರ್ಪೊರಲ್ ಸೊಬಾರ್ಸೊ ಓದಿ, ಬುಕ್ಕನ್ನು ಅವನ ಕಡೆಗೇ ತಿರುಗಿಸಿದ.

"ಕಾಯೋರು ಯಾರು, ಸ್ವಾಮಿ?"

"ದೋನ್ಯಾ ಇಸ್ಮೇನಿಯಾ ಅಲ್ವಾ ಯಾವಾಗ್ಲೂ?"

"ಬೆಳಿಗ್ಗೆ ಏಳಕ್ಕೇ ಬಂದಿದ್ರು. ಈ ದಾರಿಗೆ ನನ್ನ ಸಹಿ ಇಲ್ಲ ಅಂತ ಹೇಳಿ ಹೋದ್ರು. ಇನ್ನೂ ಏನೇನೋ ಹೇಳಿದ್ರು, ಅದನ್ನ ನಾನು ಬರ್ಕೊಂಡಿಲ್ಲ."

ಗಾಸ್ಪರ್ ಊರಿನಲ್ಲಿ ಆರು ಬಾಗಿಲು ತಟ್ಟಿದ. ಇಸ್ಮೇನಿಯಾ ಬೇಡ ಎಂದ ದಾರಿಗೆ ಹೆಸರು ಕೊಡುವವರು ಯಾರೂ ಇರಲಿಲ್ಲ. ಹಾಲ್‌ನಲ್ಲಿ ನಗುವುದು ಬೇರೆ, ಠಾಣೆಯಲ್ಲಿ ಬರೆದುಕೊಡುವುದು ಬೇರೆ. ಒಬ್ಬನಿಗೆ ಸೊಂಟ ಹಿಡಿದಿತ್ತು, ಒಬ್ಬನ ಹಸು ಈಯುವುದರಲ್ಲಿತ್ತು, ಇನ್ನೊಬ್ಬನಿಗೆ ಬರೆಯಲು ಕನ್ನಡಕ ಸಿಗಲಿಲ್ಲ. ಏಳನೆಯ ಬಾಗಿಲು ಅಂಗಡಿಯದು. ಒಂಬತ್ತು ಜೊತೆ ಸ್ಕೀ ಅಲ್ಲಿ ಮೇಣ ಸವರಿಸಿಕೊಂಡು ಸಾಲಾಗಿ ನಿಂತಿದ್ದವು. ಪಯಣ ನಿಂತರೆ ಅವು ಗೋಡೆಗೆ ವಾಪಸು ಹೋಗುತ್ತಿದ್ದವು. ಅಂಗಡಿಯವನು ಏಪ್ರನ್ನಿಗೆ ಕೈ ಒರೆಸಿಕೊಂಡು ಠಾಣೆಗೆ ನಡೆದ. ಸಹಿ ಹಾಕಿದ. ಮರಿಗೆಗೆ ಅವನು ಜನ್ಮದಲ್ಲಿ ಒಂದು ಸಲ ಹೋಗಿದ್ದ, ಅದೂ ಬೇಸಿಗೆಯಲ್ಲಿ, ಕಳೆದುಹೋದ ಆಡು ಹುಡುಕುತ್ತ.

ಮಧ್ಯಾಹ್ನ ಇಸ್ಮೇನಿಯಾ ಅಂಗಡಿಗೆ ಬಂದಳು. ಬಾಗಿಲು ತೆರೆದಿಟ್ಟೇ ನಿಂತಳು. ಅವಳ ಹಿಂದಿನಿಂದ ಬೆಚ್ಚನೆಯ ಗಾಳಿ ಒಳಗೆ ನುಗ್ಗಿತು. ಪರ್ವತದಾಚೆ ಅರ್ಜೆಂಟೀನಾದ ಕಡೆಯಿಂದ ಬೀಸುವ ಪುಯೆಲ್ಚೆ ಗಾಳಿ. ಅದು ಬಂತೆಂದರೆ ಸೂರಿನ ಹಿಮಗಡ್ಡೆಗಳು ಚಳಿಗಾಲದ ನಡುವೆಯೇ ತೊಟ್ಟಿಕ್ಕುತ್ತವೆ.

"ಯಾವ ಪೆನ್ನಲ್ಲಿ ಹಾಕ್ದೆ?" ಎಂದಳು.

"ಏನು?"

"ಸಹಿ. ನೀಲಿನೋ, ಕಪ್ಪೋ? ಎಲಿಸೆಯೋ ಸತ್ತಾಗ ಓದೋಕೆ ಒಂದಕ್ಷರ ಇರ್ಲಿಲ್ಲ. ಈ ಸಲ ಇರುತ್ತೆ. ಬಣ್ಣ ಗೊತ್ತಿರ್ಲಿ ಅಂತ ಕೇಳ್ದೆ."

"ಸುಮ್ಸುಮ್ನೆ ಅಪಶಕುನ ನುಡೀಬೇಡ, ಇಸ್ಮೇನಿಯಾ."

"ನೀನು ಕಾಯೋನು. ಹಾಗಾದ್ರೆ ಹೇಳು. ಗೋಡೆಗೆ ಬಿಸಿಲು ಎಷ್ಟೊತ್ತಿಗೆ ಹತ್ತುತ್ತೆ?"

ಅಂಗಡಿಯವನು ತಕ್ಕಡಿಯ ಬಟ್ಟಲು ಒರೆಸಿದ.

"ಒಂಬತ್ತಕ್ಕೆ" ಎಂದು ಅವಳೇ ಹೇಳಿದಳು. "ಇವರು ಊರಲ್ಲಿ ಇನ್ನೂ ಬೂಟು ಕಟ್ಕೊಳ್ತಿರ್ತಾರೆ. ಒಂದು ಗಂಟೆ ಹೊತ್ತಿಗೆ ಅದು ನಾಲ್ಕು ತಾಸು ಬೆಂದಿರುತ್ತೆ. ಅಡೀಲಿ ಹಳೇ ಗಟ್ಟಿ ಹಿಮ, ಮೇಲೆ ಮೊಣಕಾಲುದ್ದ ಹೊಸದು, ಅದರ ಮೇಲೆ ಈ ಗಾಳಿ. ಅದರ ಕೆಳಗೆ ಒಂಬತ್ತು ಜನಾನ ತಟ್ಟೆ ಕೊಟ್ಟು ಕೂರಿಸ್ತೀರ. ಕವಲಿನ ತನಕದ ದಾರಿ ತಪ್ಪು ಅಂತ ನಾನು ಹೇಳ್ಲೇ ಇಲ್ಲ. ಕೂರೋ ಜಾಗ ತಪ್ಪು, ಕೂರೋ ಹೊತ್ತು ತಪ್ಪು, ಹೊರಡೋ ಹೊತ್ತು ತಪ್ಪು. ಕಲಿಯೋರನ್ನ ಕರ್ಕೊಂಡು ಹೋಗೋದು ಅಂದ್ರೆ ಏನು ಅಂದ್ಕೊಂಡ್ರಿ? ಇಳಿಜಾರು ಸಲೀಸಾಗಿದ್ರೆ ಆಯ್ತಾ? ಕಲಿಯೋನಿಗೆ ಓಡೋಕೆ ಬರಲ್ಲ. ಅದಕ್ಕೇ ಓಡೋ ಪ್ರಮೇಯವೇ ಬರದಿರೋ ಜಾಗ ಹುಡುಕ್ಬೇಕು. ಅದೇ ಕವಲಿನ ಬಲಕ್ಕೆ ಕತ್ತೆದಿಣ್ಣೆ ಇದೆ. ತಲೆ ಮೇಲೆ ಆಕಾಶ ಬಿಟ್ಟು ಏನೂ ಇಲ್ಲ."

"ಕತ್ತೆದಿಣ್ಣೇಲಿ ಫೋಟೋ ಚೆನ್ನಾಗಿ ಬರಲ್ಲ ಅಂತ ಗಾಸ್ಪರ್..."

ಅವಳು ಆ ಮಾತನ್ನು ಮುಗಿಸಲು ಬಿಡಲಿಲ್ಲ. ಹಿಂದಿನ ಕೋಣೆಯಲ್ಲಿ ಒತೀಲಿಯಾ ತನ್ನದೇ ಸ್ಕೀಗೆ ಮೇಣ ಸವರುತ್ತ ಕುಳಿತಿದ್ದಳು. ಎಲ್ಲ ಕೇಳಿಸುತ್ತಿತ್ತು. ಇಸ್ಮೇನಿಯಾ ಅತ್ತ ತಿರುಗಿ, ಬೈಗುಳದ ದನಿಯಲ್ಲೇ, "ನೀನು ನಾಳೆ ನಾನು ಬಡಿಸೋ ಕಡೆ ಊಟಕ್ಕೆ ಬಾ" ಎಂದಳು. ಬಾಗಿಲನ್ನು ಎಳೆದ ರಭಸಕ್ಕೆ ಮೊಳೆಯ ಡಬ್ಬಿಗಳು ಅಲುಗಿದವು.

ಭಾನುವಾರ ಬೆಳಕು ಹರಿಯುವ ಮುನ್ನವೇ ಅವಳು ಹೊರಟಳು. ಕಂಪನಿಯ ಕಾಗದದಲ್ಲಿ ಅವಳ ಕೆಲಸ ಒಂದೇ ಸಾಲು: ಒಂದು ಗಂಟೆಗೆ ಮರಿಗೆಯಲ್ಲಿ ಊಟ. ಕಂಬಳಿ ಸುತ್ತಿದ ಕೋಳಿ ಸಾರಿನ ದೊಡ್ಡ ಪಾತ್ರೆ, ಗ್ಯಾಸ್ ಒಲೆ, ಬ್ರೆಡ್ಡು, ಹೊಗೆ ಹಾಕಿದ ಮೆಣಸಿನ ಪುಡಿ, ಕಂಪನಿಯ ರೇಡಿಯೋ ಎಲ್ಲವನ್ನೂ ಜಾರುಬಂಡಿಗೆ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿ ಎಳೆದಳು. ಕಾಡಿನ ಕವಲಿಗೆ ಬಂದಾಗ ಒಂಬತ್ತು ದಾಟಿತ್ತು. ಎಡಕ್ಕೆ ಮರಿಗೆ, ಬಲಕ್ಕೆ ಕತ್ತೆದಿಣ್ಣೆ. ಕೊಟ್ಟ ಕೆಲಸವನ್ನು ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿಗೆ ಮಾಡದೆ ಇದ್ದವಳಲ್ಲ ಅವಳು. ಅಪ್ಪನ ಹೇಸರಗತ್ತೆಗಳಂತೆ ಅದೊಂದು ಅಭ್ಯಾಸ. ಕವಲಿನಲ್ಲಿ ನಿಂತು ಉಗುಳಿದಳು. ಮೂವತ್ತು ವರ್ಷದ ಮಾತಿಗೆ ಬೆಲೆ ಇಲ್ಲ, ಒಂದು ಪಾತ್ರೆ ಸಾರಿಗಿದೆ. ಹಾಗಿದ್ದರೆ ಸಾರೇ ಮಾತಾಡಲಿ ಎಂದು ಬಲಕ್ಕೆ ಎಳೆದಳು.

ದಿಣ್ಣೆಯ ಮೇಲೆ ಅವಳು ಮಾಡಿದ್ದೇ ನಿಜವಾದ ಯೋಜನೆ. ಅದು ಯಾವ ಕಾಗದದಲ್ಲೂ ಇಲ್ಲ. ಎರಡು ಸ್ಕೀ ಕೋಲುಗಳನ್ನು ಒಂದಕ್ಕೊಂದು ಅಡ್ಡಲಾಗಿ ಹಿಡಿದು ಇಳಿಜಾರನ್ನು ಮೂರು ಕಡೆ ಅಳೆದಳು. ಮೇಲೆ ಏನಿದೆ, ಪಕ್ಕಕ್ಕೆ ಏನಿದೆ ಎಂದು ನೋಡಿದಳು. ಹೊಸಬರು ಬಿದ್ದರೆ ಉರುಳಿ ನಿಲ್ಲುವ ಜಾಗ ಎಲ್ಲಿ ಎಂದು ನೋಡಿದಳು. ಹತ್ತುವವರ ಸ್ಕೀ ಜಾರದಂತೆ ತಾನೇ ಅಂಕುಡೊಂಕಾಗಿ ನಾಲ್ಕು ಸಲ ತುಳಿದು, ತಿರುವುಗಳನ್ನು ಮಂಚದಷ್ಟು ಅಗಲ ಮಾಡಿದಳು, ಯಾಕೆಂದರೆ ಕಲಿಯುವವರು ಸುಸ್ತಾಗುವುದು ಏರಿನಲ್ಲಲ್ಲ, ತಿರುವಿನಲ್ಲಿ. ಗಾಳಿಗೆ ಬೆನ್ನು ಕೊಟ್ಟು ಹಿಮದಲ್ಲಿ ಒಂಬತ್ತು ಆಸನ ಕಡಿದಳು. ಬೊಕ್ಕೆ ಎದ್ದ ಹಿಮ್ಮಡಿಗೆ ಅಂಟಿಸುವ ಪಟ್ಟಿಯನ್ನು ಕತ್ತರಿಸಿ ಕೋಟಿನ ಒಳಗೆ ಬೆಚ್ಚಗಿಟ್ಟುಕೊಂಡಳು. ಒಲೆ ಹಚ್ಚಿದಳು. ಅಷ್ಟೂ ಹೊತ್ತು ಗಾಸ್ಪರನನ್ನು, ಅಂಗಡಿಯವನನ್ನು, ಕಾರ್ಡು ಕಂಡುಹಿಡಿದವನನ್ನು, ಎಲಿಸೆಯೋನನ್ನೂ ಬೈಯುತ್ತಿದ್ದಳು.

ಗುಂಪು ಕವಲಿಗೆ ಬಂದಾಗ ಹನ್ನೆರಡಾಗಿತ್ತು. ಮುಂದಿನದು ಒತೀಲಿಯಾ ಹೇಳಿದ್ದು. ಬಿಸಿಲಿಗೆ ಅರೌಕಾರಿಯಾ ಮರಗಳಿಂದ ಹಿಮ ದೊಪ್ಪದೊಪ್ಪನೆ ಬೀಳುತ್ತಿತ್ತು. ತುಪ್ಪಳದ ಪಟ್ಟಿಗಳಿಗೆ ಒದ್ದೆ ಹಿಮ ಮೆತ್ತಿ ಕಾಲು ಕಬ್ಬಿಣವಾಗಿತ್ತು. ಬಂಡಿಯ ಗುರುತು ಬಲಕ್ಕೆ ಹೋಗಿತ್ತು. ಆ ಕಡೆಯಿಂದಲೇ ಸೌಟಿನಿಂದ ಮುಚ್ಚಳ ಬಡಿಯುವ ಸದ್ದು ಕಾಡಿನ ಮೂಲಕ ಬರುತ್ತಿತ್ತು. ಗಾಸ್ಪರ್ ರೇಡಿಯೋ ತೆಗೆದ. ಒಂಬತ್ತೂ ಜನ ಸುತ್ತ ನಿಂತಿದ್ದರು.

"ದೋನ್ಯಾ ಇಸ್ಮೇನಿಯಾ, ಪಾತ್ರೆ ಎಲ್ಲಿದೆ?"

"ಕತ್ತೆದಿಣ್ಣೆ ಮೇಲೆ."

"ಅದನ್ನ ಮರಿಗೆಗೆ ತನ್ನಿ."

"ಆಗಲ್ಲ. ತುಂಬಿದೆ, ಅಲುಗಾಡಿಸಿದ್ರೆ ಚೆಲ್ಲುತ್ತೆ."

"ನಿಮ್ಮನ್ನ ಕೆಲಸದಿಂದ ತೆಗೀಬೇಕಾಗುತ್ತೆ."

"ತೆಗಿ. ಊಟ ಆದ್ಮೇಲೆ ತೆಗಿ, ತಣ್ಣಗಾಗುತ್ತೆ."

ತೆಮುಕೋದಿಂದ ಬಂದಿದ್ದ ಹಲ್ಲಿನ ಡಾಕ್ಟರೊಬ್ಬ ನಕ್ಕುಬಿಟ್ಟ. ಒತೀಲಿಯಾ ನಗಲಿಲ್ಲ. ಸ್ಕೀಯನ್ನು ಬಲಕ್ಕೆ ತಿರುಗಿಸಿದಳು.

"ಯೋಜನೆ ಎಡಕ್ಕೆ, ಸಿನ್ಯೋರಾ" ಎಂದ ಗಾಸ್ಪರ್. "ನಿಮ್ಮ ಯಜಮಾನರೇ ಸಹಿ ಹಾಕಿದ್ದಾರೆ."

"ಅವರು ಹಾಕಿದ್ದಾರೆ. ಕಾಲು ನಂದು."

ಅವಳು ಹೊರಟಳು. ಹಲ್ಲಿನ ಡಾಕ್ಟರು ಅವಳ ಹಿಂದೆ. ಆಮೇಲೆ ಉಳಿದವರು, ಹಸಿದ ಕುರಿಗಳ ಹಾಗೆ. ಗಾಸ್ಪರ್ ಒಬ್ಬನೇ ಎಡದ ದಾರಿಯಲ್ಲಿ ಕಾಡಿನಂಚಿನವರೆಗೆ ಹೋದ. ಮರಿಗೆ ಬಿಸಿಲಿನಲ್ಲಿ ಹೊಳೆಯುತ್ತ, ಒಂದು ಗೆರೆಯೂ ಇಲ್ಲದೆ ಮಲಗಿತ್ತು. ಅಂಥ ಚೆಲುವು ಕತ್ತೆದಿಣ್ಣೆಗೆ ಯಾವ ಜನ್ಮದಲ್ಲೂ ಬರುವುದಿಲ್ಲ. ರೇಡಿಯೋ ಕರಕರ ಅಂದಿತು.

"ಮರ ಬಿಟ್ಟು ಆಚೆ ಹೆಜ್ಜೆ ಇಡಬೇಡ, ಹುಡುಗ. ನಿಂಗೂ ಒಂದು ತಟ್ಟೆ ಇಟ್ಟಿದೀನಿ."

ಅವನು ರೇಡಿಯೋವನ್ನು ಜೇಬಿಗೆ ತುರುಕಿದ. ಆದರೆ ಹಿಂದಿರುಗಿ ಬಂದ. ತಟ್ಟೆಯನ್ನು ಅವಳ ಮುಖ ನೋಡದೆ ತೆಗೆದುಕೊಂಡ, ದೂರ ಕುಳಿತ.

ಒಂದು ಗಂಟೆ ಹತ್ತು ನಿಮಿಷಕ್ಕೆ ಸದ್ದು ಬಂತು. ಗುಡುಗಲ್ಲ, ಉಗ್ರಾಣದಲ್ಲಿ ಹಿಟ್ಟಿನ ಮೂಟೆಗಳ ಅಟ್ಟಿ ಜರಿದಂಥ ಭಾರದ, ಮಂಕು ಸದ್ದು. ದಿಣ್ಣೆಯಿಂದ ಮರಿಗೆಯ ಅರ್ಧ ಕಾಣುತ್ತದೆ. ಗೋಡೆಯ ಅಗಲಕ್ಕೂ ಹಿಮ ಬಿರುಕು ಬಿಟ್ಟು, ಒದ್ದೆ ಸಿಮೆಂಟಿನ ಹಾಗೆ ಇಳಿಯಿತು. ಅವಸರವಿಲ್ಲದೆ ಇಳಿಯಿತು. ತಗ್ಗನ್ನು ತುಂಬಿತು, ಊಟಕ್ಕೆಂದು ನಕ್ಷೆಯಲ್ಲಿ ಗುರುತು ಹಾಕಿದ್ದ ಜಾಗವನ್ನು ದಾಟಿತು, ಕಾಡಿನಂಚಿನ ಎರಡು ಮರಗಳನ್ನು ಮುರಿದು ನಿಂತಿತು.

ಹನ್ನೊಂದು ಜನರ ಮುಖವೂ ಅತ್ತ ತಿರುಗಿತ್ತು. ಯಾರದೋ ಚಮಚ ಕೈಯಲ್ಲೇ ಉಳಿದಿತ್ತು. ಇಸ್ಮೇನಿಯಾಗೆ ಗೆದ್ದೆನೆಂಬ ಭಾವ ಒಂದು ಚೂರೂ ಬರಲಿಲ್ಲ. ಬಂದದ್ದು ಕಣ್ಣು ಕತ್ತಲೆಯಾಗುವಷ್ಟು ಕೋಪ. ಇಷ್ಟು ಸುಲಭವಾಗಿ ಗೊತ್ತಾಗುವ ಸಂಗತಿ. ಬಟ್ಟೆ ಒಣಗಿಸುವವರಿಗೆಲ್ಲ ಗೊತ್ತಿರುವ ಸಂಗತಿ.

"ಏನು ನೋಡ್ತಾ ಕೂತಿದೀರ?" ಎಂದು ಗದರಿದಳು. "ತಟ್ಟೆ ಕೊಡಿ. ಸ್ಕೀ ಕಟ್ಕೊಳ್ಳಿ. ಹತ್ತೋದು ಅರ್ಧ ಪಾಠ ಅಷ್ಟೇ. ಇಳಿಯೋದಕ್ಕೆ ನಿಮಗೆ ಯಾರಿಗೂ ಬರಲ್ಲ. ಗಾಸ್ಪರ್, ನೀನು ಹಿಂದೆ ಬಾ, ಬಿದ್ದೋರನ್ನ ಎತ್ತು."

ಅವನು ಹಿಂದೆ ಬಂದ, ಬಿದ್ದವರನ್ನು ಎತ್ತಿದ.

ಸದ್ದು ಊರಿಗೂ ಕೇಳಿಸಿತ್ತು. ಠಾಣೆಯ ಮುಂದೆ ಬೆಂಚಿನ ಮೇಲೆ ಕಾಯುವವನು ಕುಳಿತಿದ್ದ. ಬುಕ್ಕಿನಲ್ಲಿ ಅವನ ಸಹಿಯ ಮೇಲಿನ ಸಾಲು ಹೇಳುತ್ತಿತ್ತು: ಒಂದು ಗಂಟೆ, ಮರಿಗೆಯಲ್ಲಿ ಊಟ. ಕಾರ್ಪೊರಲ್ ಗಡಿಯಾರ ನೋಡಿದ. ಬೆಟ್ಟದ ಸಂದಿಯಲ್ಲಿ ರೇಡಿಯೋ ಹಿಡಿಯಲಿಲ್ಲ. ಅಂಗಡಿಯವನು ಓಡಿಹೋಗಿ ಸೈರನ್ ಒತ್ತಿದ. ಕೈ ತೆಗೆಯಲು ಮರೆತ. ಕಾರ್ಪೊರಲ್ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಸಲಿಕೆ ಹಿಡಿದು ಹೊರಟ ಹದಿನಾಲ್ಕು ಜನರ ಜೊತೆ, ಸ್ಕೀ ಬಾಡಿಗೆಗೆ ಕೊಟ್ಟು ಬದುಕುವ, ಆದರೆ ನೆಟ್ಟಗೆ ಸ್ಕೀ ಮಾಡಲು ಬಾರದ ಆ ಮನುಷ್ಯನೂ ಹೊರಟ. ಐವತ್ತು ನಿಮಿಷ ಕಾಡಿನಲ್ಲಿ ಬೀಳುತ್ತ ಏಳುತ್ತ ನಡೆದ. ಆ ಐವತ್ತು ನಿಮಿಷ ಒತೀಲಿಯಾ ಹಿಮದ ಕೆಳಗಿದ್ದಳು, ಅವನ ಲೆಕ್ಕದಲ್ಲಿ. ಆಮೇಲೆ ತಿರುವಿನಲ್ಲಿ ಅವಳು ಎದುರಾದಳು, ಮುಖವೆಲ್ಲ ಹಿಮ ಮೆತ್ತಿಕೊಂಡು, ಏಳು ಸಲ ಬಿದ್ದು, ಎಂಟನೆಯ ಸಲ ಬೀಳುತ್ತ.

"ನಿಂಗೇನಾಯ್ತು, ಬಣ್ಣವೇ ಇಲ್ಲ ಮುಖದಲ್ಲಿ" ಎಂದಳು.

ಅವಳ ಹಿಂದೆ ಇಸ್ಮೇನಿಯಾ ಖಾಲಿ ಪಾತ್ರೆಯ ಬಂಡಿ ಎಳೆದುಕೊಂಡು ಬಂದಳು. ಅಂಗಡಿಯವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಕಾಯೋದು ಅಂದ್ರೆ ಇದು" ಎಂದಳು. ಮುಂದೆ ಹೋದಳು.

ಸೋಮವಾರ ಕಂಪನಿಯ ವರದಿ ಬಂತು. ಹಿಮದ ಸ್ಥಿತಿಯನ್ನು ಗಮನಿಸಿ ಮಾರ್ಗದರ್ಶಕರು ದಾರಿ ಬದಲಿಸಿದರು ಎಂದು ಬರೆದಿತ್ತು. ಊಟದ ವ್ಯವಸ್ಥೆ ಉತ್ತಮವಾಗಿತ್ತಂತೆ. ಅಡುಗೆಯವಳ ಹೆಸರಿರಲಿಲ್ಲ. ಮುಂದಿನ ಪಯಣಗಳಿಗೆ ಬೇರೆ ಅಡುಗೆಯವರು ಬರುತ್ತಾರೆ ಎಂದು ಇನ್ನೊಂದು ಕಾಗದ ಅವಳ ಮನೆಗೆ ಹೋಯಿತು. ಗಾಸ್ಪರ್ ಒಮ್ಮೆ ಅವಳ ಬಾಗಿಲವರೆಗೆ ಬಂದು, ತಟ್ಟದೆ ಹೋದದ್ದನ್ನು ಎದುರು ಮನೆಯವರು ಕಂಡಿದ್ದಾರೆ. ಹಾಲ್‌ನಲ್ಲಿ ನಕ್ಕವರು ಒಬ್ಬೊಬ್ಬರಾಗಿ, ಜ್ಯಾಮಿನ ಬಾಟಲಿಯನ್ನೋ ಅರೌಕಾರಿಯಾ ಮರದ ಪಿನ್ಯೋನ್ ಕಾಯಿಯ ಚೀಲವನ್ನೋ ಹಿಡಿದು ಬಂದರು. ಒಬ್ಬ, "ಎಂಥಾ ಅದೃಷ್ಟ, ಇಸ್ಮೇನಿಯಾ" ಎಂದ.

"ಅದೃಷ್ಟಕ್ಕೆ ಆಲೂಗಡ್ಡೆ ಸುಲಿಯೋಕೆ ಬರುತ್ತಾ?" ಎಂದಳು. "ಬಂಡಿ ಎಳೆಯೋಕೆ ಬರುತ್ತಾ? ನಾನು ಬಾಯಿ ಬಿಟ್ಟು ಹೇಳಿದ್ದೆ. ಎಲ್ರ ಎದುರಿಗೆ ಹೇಳಿದ್ದೆ. ನಿಮಗೆ ಕಿವಿ ಇತ್ತು. ತಗೊಂಡು ಹೋಗು ನಿನ್ನ ಜ್ಯಾಮು."

ಬಾಗಿಲು ಹಾಕಿಕೊಂಡಳು. ಕೋಪ ಇವತ್ತಿಗೂ ಇಳಿದಿಲ್ಲ, ಇಳಿಯಬೇಕಾದ ಕಾರಣವನ್ನು ಊರು ಅವಳಿಗೆ ಕೊಟ್ಟೂ ಇಲ್ಲ. ಒತೀಲಿಯಾ ಮಾತ್ರ ಈಗ ಪ್ರತಿ ಬುಧವಾರ ಅವಳ ಜೊತೆ ಕತ್ತೆದಿಣ್ಣೆಗೆ ಹೋಗುತ್ತಾಳೆ. ಬೈಸಿಕೊಂಡು ತಿರುವು ಕಲಿಯುತ್ತಿದ್ದಾಳೆ.

ಒತೀಲಿಯಾ ಬದುಕಿರುವುದಕ್ಕೆ ಈ ಅಂಗಡಿಯವನು ಇಸ್ಮೇನಿಯಾ ವೆನುಲ್‌ಗೆ ಋಣಿ. ಅಗ್ನಿಶಾಮಕರ ಹಾಲ್‌ನಲ್ಲಿ, ನಕ್ಕ ಅಷ್ಟೂ ಜನರ ಎದುರು ಎದ್ದು ನಿಂತು ಅವಳ ಕ್ಷಮೆ ಕೇಳುವುದು ಇವನಿಂದ ಬಾಕಿ ಇದೆ. ಇನ್ನೂ ಕೇಳಿಲ್ಲ.